ಹೋಗಲೇಬೇಕೆ, ಕೂತಲ್ಲೇ ಮುಗಿಸಬಹುದೆ? ಕಚೇರಿ ಪ್ರಯಾಣ ಮತ್ತು ಅದರ ಬದಲಿಗಳ ಹೋಲಿಕೆ

ಕಚೇರಿ ಕೆಲಸದ ಪ್ರಯಾಣ ಬೇಕೋ ಬೇಡವೋ ಎಂಬುದು ಟಿಕೆಟ್ ಕಾಯ್ದಿರಿಸುವಾಗ ತೀರ್ಮಾನವಾಗುವುದಿಲ್ಲ. ಅದಕ್ಕೆ ಎರಡು ವಾರ ಮೊದಲು ಯಾರೋ ಒಬ್ಬರು ‘ಒಮ್ಮೆ ಎಲ್ಲರೂ ಎದುರಾಎದುರು ಕೂತು ಮಾತಾಡಿಬಿಡೋಣ’ ಎಂದು ಸಭೆಯ ಆಮಂತ್ರಣ ಕಳಿಸುತ್ತಾರಲ್ಲ, ಆ ಗಳಿಗೆಯಲ್ಲೇ ಆಗಿಹೋಗಿರುತ್ತದೆ. ಆಮೇಲೆ ಉಳಿಯುವುದು ಯಾವ ವಿಮಾನ, ಎಷ್ಟು ಗಂಟೆಗೆ ಎಂಬ ಪ್ರಶ್ನೆ ಮಾತ್ರ. ಅದಕ್ಕೇ ಈ ಹೋಲಿಕೆ ಟಿಕೆಟ್ ತೆಗೆಯುವವರಿಗಿಂತ ಹೆಚ್ಚಾಗಿ ಆಮಂತ್ರಣ ಬರೆಯುವವರಿಗೆ ಬೇಕಾದದ್ದು.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ‘ವಿಮಾನವೋ ವಿಡಿಯೊ ಕರೆಯೋ’ ಎಂಬ ಪ್ರಶ್ನೆಯೇ ತಪ್ಪು. ಸಭೆಯಿಂದ ಏನು ಆಗಬೇಕು ಎಂದು ಮೊದಲು ಕೇಳಬೇಕು. ಅದಕ್ಕೆ ಉತ್ತರ ಸಿಕ್ಕರೆ ಸಾಧನ ತಾನಾಗಿಯೇ ಗೊತ್ತಾಗುತ್ತದೆ. ಎಷ್ಟೋ ಸಲ ಅದು ವಿಡಿಯೊ ಕರೆಯೂ ಆಗಿರುವುದಿಲ್ಲ, ಎರಡು ಪುಟದ ಟಿಪ್ಪಣಿ ಸಾಕಾಗಿರುತ್ತದೆ.

ಮೊದಲು ತೂಕ ನೋಡೋಣ

ಒಂದು ಕಿಲೋ ವಿಮಾನ ಇಂಧನ ಉರಿದರೆ 3.16 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಇಂಧನದ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಮೂರು ಪಟ್ಟಾಗುತ್ತದೆ. ಜಗತ್ತಿನ ಒಟ್ಟು ಕಾರ್ಬನ್ ಡೈಆಕ್ಸೈಡ್‌ನಲ್ಲಿ ವಿಮಾನಯಾನದ ಪಾಲು ಸುಮಾರು ಶೇ 2.5. ಇಷ್ಟೇನಾ ಎಂದು ಕೇಳುವವರಿದ್ದಾರೆ. ಆದರೆ ಈ ಪಾಲನ್ನು ಸೃಷ್ಟಿಸುವವರ ಸಂಖ್ಯೆಯೂ ಪುಟ್ಟದು. ಜಗತ್ತಿನ ಜನಸಂಖ್ಯೆಯ ಶೇ 1ರಷ್ಟು ಮಂದಿಯೇ ವಾಣಿಜ್ಯ ವಿಮಾನಯಾನದ ಅರ್ಧದಷ್ಟು ಹೊರಸೂಸುವಿಕೆಗೆ ಕಾರಣ ಎಂದು 2018ರ ಅಂಕಿಅಂಶ ಆಧರಿಸಿದ ಅಧ್ಯಯನವೊಂದು ಲೆಕ್ಕ ಹಾಕಿದೆ. ಕಚೇರಿ ಖರ್ಚಿನಲ್ಲಿ ಪದೇ ಪದೇ ಹಾರುವವರು ಬರುವುದು ಈ ಗುಂಪಿನಲ್ಲೇ. ಸಾಮಾನ್ಯ ಮನುಷ್ಯ ದೀಪ ಆರಿಸಿ ವರ್ಷವಿಡೀ ಉಳಿಸುವುದನ್ನು ಇವರು ಒಂದು ಪ್ರಯಾಣ ಬಿಟ್ಟು ಉಳಿಸಬಲ್ಲರು.

ಒಂದು ಸಾವಿರ ಕಿ.ಮೀ. ದೂರದ ಊರಿಗೆ ಒಬ್ಬರು ಹೋಗಿ ಬಂದರೆ, ಅಂದರೆ ಒಟ್ಟು 2,000 ಕಿ.ಮೀ. ಓಡಾಡಿದರೆ, ಅಂದಾಜು ಹೀಗಿರುತ್ತದೆ. ಬ್ರಿಟನ್ ಸರ್ಕಾರ ಪ್ರತಿವರ್ಷ ಪ್ರಕಟಿಸುವ ಗುಣಕಗಳ, ಅಂದರೆ ಒಬ್ಬರ ಒಂದು ಕಿಲೋಮೀಟರ್ ಪ್ರಯಾಣಕ್ಕೆ ಎಷ್ಟು ಹೊರಸೂಸುವಿಕೆ ಎಂದು ಹೇಳುವ ಅಂಕಿಗಳ, ಆಸುಪಾಸಿನಲ್ಲಿ ಹಾಕಿದ ಲೆಕ್ಕ ಇದು:

ವಿಮಾನ, ಎಕಾನಮಿ ಸೀಟು: 300ರಿಂದ 400 ಕಿಲೋ
ಕಾರಿನಲ್ಲಿ ಒಬ್ಬರೇ: ಸುಮಾರು 340 ಕಿಲೋ
ಅದೇ ಕಾರಿನಲ್ಲಿ ನಾಲ್ವರು: ತಲೆಗೆ ಸುಮಾರು 85 ಕಿಲೋ
ರೈಲು: ಸುಮಾರು 70 ಕಿಲೋ
ದೂರಪ್ರಯಾಣದ ಬಸ್ಸು: ಸುಮಾರು 55 ಕಿಲೋ
ನಾಲ್ವರು ಸೇರಿ ಎರಡು ಗಂಟೆ ವಿಡಿಯೊ ಕರೆ: ಎಲ್ಲರದ್ದೂ ಸೇರಿ 1 ಕಿಲೋ ದಾಟುವುದು ಕಷ್ಟ

ರೈಲಿನ ಅಂಕಿ ಆಯಾ ದೇಶದ ವಿದ್ಯುತ್ತಿನ ಮೂಲದ ಮೇಲೆ ಏರುಪೇರಾಗುತ್ತದೆ. ಪರಮಾಣು ಅಥವಾ ಜಲವಿದ್ಯುತ್ತಿನಿಂದ ಓಡುವ ರೈಲಾದರೆ 10 ಕಿಲೋಗೂ ಇಳಿಯಬಹುದು. ಡೀಸೆಲ್ ರೈಲು ಅರ್ಧ ಖಾಲಿ ಓಡಿದರೆ ಮೇಲೇರುತ್ತದೆ. ಕಾರಿನ ಸಾಲನ್ನು ಇನ್ನೊಮ್ಮೆ ಓದಿ. ‘ನಾನು ವಿಮಾನ ಬಿಟ್ಟು ಕಾರಿನಲ್ಲಿ ಹೋದೆ’ ಎಂದು ಒಬ್ಬರೇ ಓಡಿಸಿಕೊಂಡು ಹೋದವರು ಹವಾಮಾನಕ್ಕೆ ಹೆಚ್ಚೇನೂ ಉಪಕಾರ ಮಾಡಿದ ಹಾಗಾಗಲಿಲ್ಲ.

ದೂರ ಅರ್ಧವಾದರೆ ವಿಮಾನದ ಲೆಕ್ಕವೂ ಅರ್ಧವಾಗುತ್ತದೆ ಎಂದುಕೊಳ್ಳಬೇಡಿ. ನೆಲ ಬಿಟ್ಟು ಮೇಲೇರುವಾಗಲೇ ಇಂಧನ ಜೋರಾಗಿ ಖರ್ಚಾಗುತ್ತದೆ. 500 ಕಿ.ಮೀ. ಹಾರಾಟದಲ್ಲಿ ಆ ಖರ್ಚನ್ನು ಹಂಚಿಕೊಳ್ಳಲು ಕಿಲೋಮೀಟರುಗಳೇ ಸಾಲುವುದಿಲ್ಲ. ಹಾಗಾಗಿ ಚಿಕ್ಕ ಹಾರಾಟದಲ್ಲಿ ಕಿಲೋಮೀಟರಿಗೆ ಕಾಲು ಕಿಲೋ ಆಸುಪಾಸು ಬೀಳುತ್ತದೆ. ಹೋಗಿಬರುವ 1,000 ಕಿ.ಮೀ.ಗೆ 250 ಕಿಲೋ ಎಂದಾಯಿತು. ರೈಲಿಗೆ ಬದಲಾಯಿಸಲು ಅತಿ ಸುಲಭವಾದ ದೂರವೂ ಇದೇ ಎಂಬುದು ನಮ್ಮ ಪುಣ್ಯ.

ಲೆಕ್ಕದಲ್ಲಿ ಜನ ಎಡವುವ ಮೂರು ಜಾಗಗಳಿವೆ. ಮೊದಲನೆಯದು, ಕಾರ್ಬನ್ ಡೈಆಕ್ಸೈಡ್ ಒಂದನ್ನೇ ಎಣಿಸುವುದು. ಎತ್ತರದಲ್ಲಿ ವಿಮಾನದ ಹಿಂದೆ ಮೂಡುವ ಬಿಳಿ ಗೆರೆಗಳು, ಸಾರಜನಕದ ಆಕ್ಸೈಡ್‌ಗಳು ಸಹ ಭೂಮಿಯನ್ನು ಬಿಸಿ ಮಾಡುತ್ತವೆ. ಇವನ್ನು ಸೇರಿಸಿದ ಗುಣಕ, ಸೇರಿಸದ ಗುಣಕ ಎರಡೂ ಸಿಗುತ್ತವೆ. ಇವನ್ನು ಸೇರಿಸಲು ಬ್ರಿಟನ್ ಕಾರ್ಬನ್ ಡೈಆಕ್ಸೈಡ್‌ನ ಅಂಕಿಯನ್ನು ಮೊದಲು 1.9ರಿಂದ ಗುಣಿಸುತ್ತಿತ್ತು, ಈಗ 1.7ರಿಂದ. ಮೇಲಿನ ಪಟ್ಟಿಯಲ್ಲಿ ಸೇರಿಸಿಯೇ ಹೇಳಿದ್ದೇವೆ. ಎರಡು ವಿಭಾಗಗಳು ಎರಡು ರೀತಿ ಲೆಕ್ಕ ಹಾಕಿ ಹೋಲಿಸಿಕೊಂಡರೆ ಜಗಳ ಬಿಟ್ಟು ಬೇರೇನೂ ಹುಟ್ಟದು.

ಎರಡನೆಯದು ಸೀಟಿನ ದರ್ಜೆ. ದೂರದ ಹಾರಾಟದಲ್ಲಿ ಎಕಾನಮಿಯನ್ನು 1 ಎಂದಿಟ್ಟುಕೊಂಡರೆ ಪ್ರೀಮಿಯಂ ಎಕಾನಮಿ 1.6, ಬಿಸಿನೆಸ್ ಕ್ಲಾಸ್ 2.9, ಫಸ್ಟ್ ಕ್ಲಾಸ್ 4. ಕಾರಣ ಸರಳ, ಮಲಗುವ ಸೀಟು ನುಂಗುವ ನೆಲದಲ್ಲಿ ಹೆಚ್ಚುಕಡಿಮೆ ಮೂವರು ಕೂರುತ್ತಿದ್ದರು. 7,000 ಕಿ.ಮೀ. ದೂರಕ್ಕೆ ಎಕಾನಮಿಯಲ್ಲಿ ಹೋಗಿ ಬಂದರೆ ಸುಮಾರು 2 ಟನ್, ಬಿಸಿನೆಸ್‌ನಲ್ಲಾದರೆ ಸುಮಾರು 6 ಟನ್. ಹತ್ತು ಪ್ರಯಾಣ ರದ್ದು ಮಾಡಲು ಹೆಣಗುವ ಕಚೇರಿ, ಹಿರಿಯರ ಸೀಟಿನ ದರ್ಜೆಯ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ.

ಮೂರನೆಯದು ಹೆಚ್ಚು ಮೋಸದ್ದು. ಗುಣಕಗಳು ವಿಮಾನಗಳಲ್ಲಿ ಎಷ್ಟು ಸೀಟು ತುಂಬಿದ್ದವು ಎಂಬುದನ್ನು ಅವಲಂಬಿಸುತ್ತವೆ. ಕೋವಿಡ್ ಕಾಲದಲ್ಲಿ ವಿಮಾನಗಳು ಖಾಲಿ ಹಾರಿದವು, ಆ ಅಂಕಿಅಂಶ ಒಳಬಂದ ವರ್ಷದ ಗುಣಕಗಳು ಏರಿದವು, ಆಮೇಲೆ ಇಳಿದವು. ಒಂದು ವರ್ಷದಲ್ಲಿ ನಿಮ್ಮ ಹೊರಸೂಸುವಿಕೆ ಶೇ 20ರಷ್ಟು ಇಳಿದಂತೆ ಕಂಡರೆ ಹಾರಿದ ಕಿಲೋಮೀಟರುಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಕಿಲೋಮೀಟರು ಹಾಗೇ ಇದ್ದರೆ ಇಳಿದದ್ದು ಗುಣಕ, ನಿಮ್ಮ ಪ್ರಯಾಣವಲ್ಲ.

ಸಭೆಯಿಂದ ಏನಾಗಬೇಕು?

ಮಾಹಿತಿ ತಿಳಿಸುವುದು, ಪ್ರಗತಿ ವರದಿ, ಈಗಾಗಲೇ ಮುಂದಿರುವ ಮೂರು ಆಯ್ಕೆಗಳಲ್ಲಿ ಒಂದನ್ನು ಆರಿಸುವುದು, ಒಪ್ಪಂದದ ಕರಡಿನ ಸಾಲು ಸಾಲು ತಿದ್ದುವುದು, ಇವು ಯಾವುವಕ್ಕೂ ಒಂದೇ ಕೋಣೆಯ ಅಗತ್ಯವಿಲ್ಲ. ಕರಡು ತಿದ್ದುವ ಕೆಲಸವಂತೂ ದೂರದಿಂದಲೇ ಚೆನ್ನಾಗಿ ನಡೆಯುತ್ತದೆ, ಎಲ್ಲರ ಕಣ್ಣೂ ಒಂದೇ ಪುಟದ ಮೇಲಿರುತ್ತದೆ.

ಹೊಸ ಕಲ್ಪನೆಗಳನ್ನು ಹುಟ್ಟಿಸುವ ಸಭೆಯ ಕಥೆ ಬೇರೆ. ದೂರಸಂಪರ್ಕ ಕಂಪನಿಯೊಂದರ ಐದು ದೇಶಗಳ ಎಂಜಿನಿಯರುಗಳನ್ನೂ ಒಳಗೊಂಡು ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಡಿಯೊದಲ್ಲಿ ಕೂತ ಜೋಡಿಗಳು ಎದುರು ಕೂತ ಜೋಡಿಗಳಿಗಿಂತ ಕಡಿಮೆ ಕಲ್ಪನೆಗಳನ್ನು ಹುಟ್ಟಿಸಿದವು. ಅವುಗಳಲ್ಲಿ ಒಳ್ಳೆಯದನ್ನು ಆರಿಸುವ ಕೆಲಸದಲ್ಲಿ ಮಾತ್ರ ಹಿಂದೆ ಬೀಳಲಿಲ್ಲ. ಪರದೆಯ ಮೇಲೆ ಕಣ್ಣು ನೆಟ್ಟಾಗ ನೋಟದ ಜೊತೆ ಯೋಚನೆಯ ಹರಹೂ ಕಿರಿದಾಗುತ್ತದೆ ಎಂಬುದು ಸಂಶೋಧಕರು ಕೊಟ್ಟ ವಿವರಣೆ. ಇದರಿಂದ ಸಿಗುವ ಪಾಠ ನೇರವಾಗಿದೆ. ಒಂದು ಯೋಜನೆಗೆ ಎದುರಾಎದುರು ಕೂರುವ ಸಭೆ ಒಂದೇ ಇರಲಿ ಎಂದಾದರೆ ಅದನ್ನು ಆರಂಭದಲ್ಲಿಡಿ. ಬಹಳಷ್ಟು ಕಡೆ ತದ್ವಿರುದ್ಧ ನಡೆಯುತ್ತದೆ. ಆರಂಭವೆಲ್ಲ ಕರೆಗಳಲ್ಲಿ, ಕೊನೆಗೆ ಎಲ್ಲ ತೀರ್ಮಾನವಾದ ಮೇಲೆ ‘ಅಂತಿಮ ಪರಾಮರ್ಶೆ’ಗೆ ಹನ್ನೆರಡು ಜನ ವಿಮಾನ ಹತ್ತುತ್ತಾರೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಮೊದಲ ಬಾರಿ ಭೇಟಿಯಾಗುವ ಗ್ರಾಹಕರು, ಹಳಸಿದ ಸಂಬಂಧ ಸರಿಪಡಿಸುವುದು, ಕೆಲಸದಿಂದ ತೆಗೆಯುವಂಥ ಕಹಿ ಸುದ್ದಿ, ಯಂತ್ರಕ್ಕೆ ಕೈ ಹಾಕಬೇಕಾದ ಕೆಲಸ, ಇವಕ್ಕೆ ಹೋಗಿ. ಹೊಸದಾಗಿ ಸೇರಿದವರನ್ನೂ ಕಳಿಸಿ. ಮೈಕ್ರೊಸಾಫ್ಟ್‌ನ 61,000 ಉದ್ಯೋಗಿಗಳ 2020ರ ಮೊದಲ ಆರು ತಿಂಗಳ ಸಂಪರ್ಕಗಳನ್ನು ಪರಿಶೀಲಿಸಿದ ಸಂಶೋಧನೆಯಲ್ಲಿ, ಎಲ್ಲರೂ ದೂರದಿಂದ ಕೆಲಸ ಮಾಡತೊಡಗಿದ ಮೇಲೆ ಗುಂಪುಗಳು ಒಳಗೊಳಗೇ ಬಿಗಿದುಕೊಂಡದ್ದು, ಗುಂಪು ಗುಂಪಿನ ನಡುವಿನ ಸೇತುವೆಗಳು ತೆಳುವಾದದ್ದು ಕಂಡಿತು. ದಿನಾ ಮಾತಾಡುವವರ ನಡುವೆ ಕರೆ ಸಾಕು. ಪರಿಚಯವೇ ಇಲ್ಲದವರ ನಡುವೆ ಸಾಲದು. ಆದರೆ ಪ್ರಯಾಣದ ಪಟ್ಟಿ ತೆಗೆದು ನೋಡಿದರೆ ಹೆಚ್ಚು ಹಾರುವವರು ಸಾಮಾನ್ಯವಾಗಿ ಹತ್ತು ವರ್ಷದಿಂದ ಒಬ್ಬರನ್ನೊಬ್ಬರು ಬಲ್ಲ ಹಿರಿಯರೇ.

ದೂರದಿಂದಲೇ ಮಾಡುವ ದಾರಿಗಳು

ಟಿಪ್ಪಣಿಯಿಂದ ಶುರು ಮಾಡಿ. ವಿಷಯ, ಆಯ್ಕೆಗಳು, ನಿಮ್ಮ ಶಿಫಾರಸು, ಉತ್ತರಕ್ಕೆ ಗಡುವು, ಎಲ್ಲ ಸೇರಿ ಎರಡು ಪುಟ. ಓದಿದವರು ಅಂಚಿನಲ್ಲಿ ಬರೆಯಲಿ. ಇದು ಕೆಡುವುದು ಗಡುವು ಇಲ್ಲದಾಗ ಮತ್ತು ಕೊನೆಗೆ ನಿರ್ಧಾರ ಯಾರದ್ದು ಎಂದು ಹೇಳದಾಗ. ಆಗ ಚರ್ಚೆ ಬೆಳೆಯುತ್ತಲೇ ಹೋಗಿ, ಬೇಸತ್ತವರು ಸಭೆ ಕರೆಯುತ್ತಾರೆ. ಬರೀ ಧ್ವನಿಯ ಕರೆಯನ್ನೂ ಮರೆಯಬೇಡಿ. ಇಬ್ಬರ ನಡುವಿನ ಕಠಿಣ ಮಾತುಕತೆಗೆ ಹಲವು ಸಲ ಅದೇ ವಿಡಿಯೊಗಿಂತ ಹಿತ, ತನ್ನ ಮುಖವನ್ನೇ ತಾನು ನೋಡಿಕೊಳ್ಳುವ ಹಿಂಸೆ ಇರುವುದಿಲ್ಲ.

ಇಲ್ಲಿ ಒಂದು ಮಾತು. ಇಂಗಾಲ ಉಳಿಸಲು ಕರೆಯಲ್ಲಿ ಕ್ಯಾಮೆರಾ ಆರಿಸಿ ಎಂಬ ಸಲಹೆ ಆಗಾಗ ಸುತ್ತಾಡುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2020ರ ವಿಶ್ಲೇಷಣೆಯಲ್ಲಿ ಒಂದು ಗಂಟೆ ವಿಡಿಯೊ ಸ್ಟ್ರೀಮಿಂಗ್‌ಗೆ ಸಿಕ್ಕ ಅಂಕಿ ಸುಮಾರು 36 ಗ್ರಾಂ. ಕರೆಯದ್ದೂ ಹೆಚ್ಚುಕಡಿಮೆ ಅದೇ ಅಳತೆ. ಕ್ಯಾಮೆರಾ ಇದ್ದರೆ ಒಂದು ಪ್ರಯಾಣ ತಪ್ಪುತ್ತದೆ ಎನ್ನುವುದಾದರೆ ಖಂಡಿತ ಹಾಕಿಕೊಳ್ಳಿ.

ವಿಡಿಯೊ ಕರೆ ಸೋಲುವುದು ಚಿತ್ರದಿಂದಲ್ಲ, ಧ್ವನಿಯಿಂದ. ಮನುಷ್ಯರ ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದರಲ್ಲೊಂದು ಭಾಗ, 200 ಮಿಲಿಸೆಕೆಂಡ್. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಬಹುತೇಕ ಸಂಭಾಷಣೆಗೆ ತೊಂದರೆಯಿಲ್ಲ, 400 ದಾಟಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. 300ಕ್ಕೆ ಬಂದರೇ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, ‘ನೀವು ಹೇಳಿ, ನೀವು ಹೇಳಿ’ ಶುರುವಾಗುತ್ತದೆ. ಆಮೇಲೆ ‘ವಿಡಿಯೊದಲ್ಲಿ ಮಾತುಕತೆ ಕೂಡಿ ಬರಲ್ಲ’ ಎಂಬ ತೀರ್ಪು.

ವಿಳಂಬಕ್ಕೆ ಔಷಧ ಇದೆ. ವೈಫೈ ಬಿಟ್ಟು ತಂತಿ ಹಾಕಿ. ಬ್ಲೂಟೂತ್ ಹೆಡ್‌ಸೆಟ್ ತನ್ನ ಪಾಲಿನ ವಿಳಂಬ ಸೇರಿಸುತ್ತದೆ, ತಂತಿಯದ್ದು ಸೇರಿಸುವುದಿಲ್ಲ. ವೇಗದ ಪರೀಕ್ಷೆ ಮಾಡುವಾಗ ಡೌನ್‌ಲೋಡ್ ಅಂಕಿ ನೋಡಿ ಖುಷಿಪಡಬೇಡಿ. ಎಚ್‌ಡಿ ಗುಂಪು ಕರೆಗೆ ತಲೆಗೆ ಎರಡೂ ದಿಕ್ಕಿನಲ್ಲಿ 3ರಿಂದ 4 ಎಂಬಿಪಿಎಸ್ ಬೇಕು, ಸಾಮಾನ್ಯವಾಗಿ ಸಾಲದೆ ಬರುವುದು ಅಪ್‌ಲೋಡ್. ಒಂದು ಕಡೆಯವರು ಭೂಸ್ಥಿರ ಉಪಗ್ರಹದ ಸಂಪರ್ಕದಲ್ಲಿದ್ದರೆ ಏನು ಮಾಡಿದರೂ 150ಕ್ಕೆ ಇಳಿಯದು. ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಹೋಗಿ ಇಳಿಯಲು ಬೆಳಕಿಗೇ ಸೆಕೆಂಡಿನ ಕಾಲು ಭಾಗ ಬೇಕು. ಅಂಥಲ್ಲಿ ಸಭೆ ನಡೆಸುವವರು ಹೆಸರು ಹಿಡಿದು ಕರೆದು ಒಬ್ಬೊಬ್ಬರಿಗೇ ಮಾತು ಕೊಡಬೇಕು. ‘ಯಾರಿಗಾದರೂ ಏನಾದರೂ ಹೇಳುವುದಿದೆಯೆ?’ ಎಂಬ ಪ್ರಶ್ನೆ ಅಲ್ಲಿ ಎಂದೂ ಕೆಲಸ ಮಾಡುವುದಿಲ್ಲ.

ಮೈಕಿನ ದೂರ ಎರಡು ಪಟ್ಟಾದಾಗಲೆಲ್ಲ ನೇರ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರಿನಿಂದ ಎರಡು ಮೀಟರಿಗೆ ಸರಿದರೆ 12 ಡೆಸಿಬೆಲ್ ಹೋಯಿತು. ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಮಾತ್ರ ಅಷ್ಟೇ ಉಳಿಯುತ್ತದೆ. ಗಾಜಿನ ಗೋಡೆ, ಬರಿ ನೆಲದ ಸಭಾಕೋಣೆಯಲ್ಲಿ ಮೇಜಿನ ತುದಿಯಲ್ಲಿಟ್ಟ ಒಂದು ಲ್ಯಾಪ್‌ಟಾಪ್ ಎದುರು ಎಂಟು ಜನ ಕೂತರೆ ಆಚೆಯವರಿಗೆ ಬಾವಿಯೊಳಗಿನ ಮಾತು ಕೇಳಿಸುತ್ತದೆ. ಸಾವಿರಾರು ಕಿಲೋ ಇಂಗಾಲ ಉಳಿಸುವ ಉಪಕರಣ ಯಾವುದು ಎಂದು ಕೇಳಿದರೆ ದುಬಾರಿ ಕ್ಯಾಮೆರಾಗಿಂತ ಮೊದಲು ಒಳ್ಳೆಯ ಮೇಜಿನ ಮೈಕು, ಕಿಟಕಿಗೆ ದಪ್ಪ ಬಟ್ಟೆಯ ಪರದೆ, ನೆಲಹಾಸು ಎನ್ನುತ್ತೇವೆ. ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್‌ಗಳ ಸ್ಪೀಕರು, ಮೈಕು ಎರಡೂ ತೆರೆದಿದ್ದರೆ ಕಿರುಚಾಟ ಗ್ಯಾರಂಟಿ. ಕೋಣೆಗೊಂದೇ ಧ್ವನಿ ಸಾಧನ ಇರಲಿ, ಅಥವಾ ಎಲ್ಲರಿಗೂ ಹೆಡ್‌ಸೆಟ್ ಇರಲಿ.

ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಪರದೆಯಲ್ಲಿ ಇರುವ ಮಿಶ್ರ ಸಭೆ ಎಲ್ಲ ಆಯ್ಕೆಗಳಲ್ಲಿ ಕೆಟ್ಟದ್ದು, ಆದರೆ ಹೆಚ್ಚು ನಡೆಯುವುದೂ ಅದೇ. ಕರೆ ಮುಗಿದ ಮೇಲೆ ಕೋಣೆಯಲ್ಲಿದ್ದವರು ಎದ್ದು ನಡೆಯುತ್ತ ಮಾತಾಡಿ ನಿಜವಾದ ತೀರ್ಮಾನ ಮಾಡುತ್ತಾರೆ. ಪರದೆಯವರು ಮುಂದಿನ ಸಲ ‘ನಾನೂ ಬರುತ್ತೇನೆ’ ಎಂದು ಟಿಕೆಟ್ ತೆಗೆಯುತ್ತಾರೆ, ಅವರದ್ದು ತಪ್ಪೂ ಅಲ್ಲ. ಒಬ್ಬರು ದೂರವಿದ್ದರೂ ಎಲ್ಲರೂ ತಮ್ಮ ತಮ್ಮ ಯಂತ್ರದಿಂದಲೇ ಸೇರಲಿ ಎಂಬ ನಿಯಮ ಸಣ್ಣ ಸಭೆಗೆ ಚೆನ್ನಾಗಿ ಹೊಂದುತ್ತದೆ. ದೊಡ್ಡದಾದರೆ ಕೋಣೆಯಲ್ಲಿ ಒಬ್ಬರಿಗೆ ಪರದೆಯವರ ಕೈ ಎತ್ತಿದ್ದನ್ನು ನೋಡುವುದೇ ಕೆಲಸವಾಗಿರಲಿ. ಬೇರೆ ಏನೂ ಬೇಡ.

ಸಮಯ ವಲಯದ ವಿಷಯವನ್ನು ಪ್ರಯಾಣ ನೀತಿಗಳು ಮರೆತೇಬಿಡುತ್ತವೆ. ಎಂಟು ಗಂಟೆ ವ್ಯತ್ಯಾಸವಿರುವ ಎರಡು ತಂಡಗಳಲ್ಲಿ ಒಂದಕ್ಕೇ ಯಾವಾಗಲೂ ರಾತ್ರಿ ಹತ್ತರ ಕರೆ ಬಿದ್ದರೆ, ಮೂರು ತಿಂಗಳಲ್ಲಿ ಆ ತಂಡ ‘ಒಮ್ಮೆ ಬಂದು ಹೋಗುತ್ತೇವೆ’ ಎನ್ನುತ್ತದೆ. ಅವರಿಗೆ ಬೇಕಿರುವುದು ಪ್ರಯಾಣವಲ್ಲ, ನಿದ್ರೆ. ಹೊತ್ತನ್ನು ಸರದಿಯ ಮೇಲೆ ಬದಲಾಯಿಸಿ.

ಸ್ಥಳ ಪರಿಶೀಲನೆ, ಲೆಕ್ಕಪರಿಶೋಧನೆಯಂಥ ಕೆಲಸವನ್ನೂ ಒಂದಷ್ಟು ಮಟ್ಟಿಗೆ ದೂರದಿಂದ ಮಾಡಬಹುದು. ನಿರ್ವಹಣಾ ವ್ಯವಸ್ಥೆಗಳ ಪರಿಶೋಧನೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಹೊರತಂದ ಐಎಸ್‌ಒ 19011 ಮಾರ್ಗಸೂಚಿಯ 2018ರ ಆವೃತ್ತಿ ದೂರದ ಪರಿಶೋಧನೆಯ ಬಗ್ಗೆ ಹೇಳುತ್ತದೆ. ತೊಡಕು ಏನೆಂದರೆ ಕ್ಯಾಮೆರಾ ತೋರಿಸುವವರ ಕೈಯಲ್ಲಿರುತ್ತದೆ, ಚೆಂದದ ಮೂಲೆಯನ್ನೇ ತೋರಿಸುತ್ತಾರೆ. ಅದಕ್ಕೆ ತುಂಡು ತುಂಡು ವಿಡಿಯೊ ಒಪ್ಪಬೇಡಿ, ಬಾಗಿಲಿನಿಂದ ಕೊನೆಯವರೆಗೆ ಬಿಡದೆ ನಡೆಯಲು ಹೇಳಿ. ನಡುವೆ ನಿಲ್ಲಿಸಿ ‘ಎಡಗಡೆ ಮೂರನೆಯ ಪೆಟ್ಟಿಗೆ ತೆರೆಯಿರಿ, ಕ್ರಮಸಂಖ್ಯೆ ತೋರಿಸಿ’ ಎಂದು ಆಗಿಂದಾಗ ಆರಿಸಿ. ಹೊಳೆಯುವ ಲೋಹದ ಮೇಲೆ ನೇರ ಬೆಳಕು ಬಿದ್ದರೆ ಬಿರುಕು ಕಾಣದು, ಓರೆಯಾಗಿ ಟಾರ್ಚ್ ಹಿಡಿಸಿ. ವಾಸನೆ, ಕಂಪನ, ಬಿಸಿ ಕರೆಯಲ್ಲಿ ಬರುವುದಿಲ್ಲ, ಇವುಗಳಿಂದಲೇ ದೋಷ ಗೊತ್ತಾಗುವ ಯಂತ್ರವಾದರೆ ಹೋಗಲೇಬೇಕು ಅಥವಾ ಅಳತೆಯ ಉಪಕರಣ ಅಲ್ಲಿರಬೇಕು. ಮಧ್ಯದ ದಾರಿಯೂ ಇದೆ. ಕಾಗದಪತ್ರವನ್ನೆಲ್ಲ ದೂರದಿಂದ ಮುಗಿಸಿ, ನಾಲ್ವರ ಬದಲು ಒಬ್ಬರು ಎರಡು ದಿನದ ಬದಲು ಒಂದು ದಿನ ಹೋಗುವುದು.

ಹೋಗುವುದೇ ಆದರೆ

ರೈಲೋ ವಿಮಾನವೋ ಎಂದು ಹೋಲಿಸುವಾಗ ವೇಳಾಪಟ್ಟಿಯ ಗಂಟೆಗಳನ್ನು ಬಿಡಿ, ಬಾಗಿಲಿನಿಂದ ಬಾಗಿಲಿಗೆ ಎಣಿಸಿ. ವಿಮಾನ ನಿಲ್ದಾಣಕ್ಕೆ ಒಂದು ಗಂಟೆ, ತಪಾಸಣೆ ಮತ್ತು ಕಾಯುವುದಕ್ಕೆ ಒಂದೂವರೆ, ಹಾರಾಟ ಒಂದು ಗಂಟೆ ಇಪ್ಪತ್ತು ನಿಮಿಷ, ಇಳಿದು ಹೊರಬರಲು ಅರ್ಧ ಗಂಟೆ, ಊರೊಳಗೆ ಹೋಗಲು ಇನ್ನೊಂದು ಗಂಟೆ. ಐದು ಗಂಟೆ ಇಪ್ಪತ್ತು ನಿಮಿಷ ಆಯಿತು. ಅದರಲ್ಲಿ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡಬಹುದಾದ ಹೊತ್ತು ತುಂಡು ತುಂಡಾಗಿ ಒಂದು ಗಂಟೆ ಸಿಕ್ಕರೆ ಹೆಚ್ಚು. ಐದು ಗಂಟೆಯ ರೈಲಿನಲ್ಲಿ ಒಟ್ಟಾರೆ ಆರು ಗಂಟೆ ಹಿಡಿದರೂ ನಾಲ್ಕು ಗಂಟೆ ಒಂದೇ ಕಡೆ ಕೂತು ಕೆಲಸ ಆಗುತ್ತದೆ.

ಫ್ರಾನ್ಸ್ 2023ರಲ್ಲಿ ಜಾರಿಗೆ ತಂದ ನಿಯಮ, ಎರಡೂವರೆ ಗಂಟೆಯೊಳಗಿನ ರೈಲು ಇರುವಲ್ಲಿ ದೇಶದೊಳಗಿನ ವಿಮಾನವನ್ನು ನಿಲ್ಲಿಸಿತು. ಪ್ಯಾರಿಸ್‌ನ ಓರ್ಲಿಯಿಂದ ಬೋರ್ಡೊ, ನಾಂತ್, ಲಿಯಾನ್‌ಗೆ ಹೋಗುತ್ತಿದ್ದ ಮೂರು ಮಾರ್ಗಗಳಿಗೆ ಅದು ತಟ್ಟಿತು. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಪ್ರಯಾಣ ನೀತಿ ಇನ್ನೂ ಮುಂದೆ ಹೋಗುತ್ತದೆ: ಬಸ್ಸಿನಲ್ಲಿ 6 ಗಂಟೆ ಅಥವಾ ರೈಲಿನಲ್ಲಿ 8 ಗಂಟೆಯೊಳಗೆ ತಲುಪಬಹುದಾದ ಊರಿಗೆ ವಿಮಾನವಿಲ್ಲ. ಕಚೇರಿಯೊಂದು ಮೊದಲ ಬಾರಿ ನಿಯಮ ಬರೆಯುವುದಾದರೆ ರೈಲಿಗೆ 5 ಗಂಟೆ ಎಂದಿಡಿ ಎನ್ನುತ್ತೇವೆ. ಎರಡೂವರೆ ಗಂಟೆ ಎಂದರೆ ಜನ ಈಗಾಗಲೇ ರೈಲಿನಲ್ಲೇ ಹೋಗುತ್ತಿರುವ ದೂರ, ಬದಲಾಗುವುದು ಏನೂ ಇರದು. ಎಂಟು ಎಂದರೆ ಮೊದಲ ತಿಂಗಳಲ್ಲೇ ವಿನಾಯಿತಿಗಳ ಸಾಲು. ರಾತ್ರಿ ರೈಲಾದರೆ ಗಂಟೆಯ ಮಿತಿ ಬೇಡ, ಒಂದು ರಾತ್ರಿಯ ಹೋಟೆಲ್ಲೂ ಉಳಿಯುತ್ತದೆ.

ರೈಲಿನ ನಿಯಮ ಹೆಚ್ಚಾಗಿ ಮುರಿಯುವುದು ಹಣಕಾಸು ವಿಭಾಗದಲ್ಲಿ. ಮುಂಗಡ ಕಾಯ್ದಿರಿಸಿದ ವಿಮಾನ ರೈಲಿಗಿಂತ ಅಗ್ಗವಾಗಿ ಸಿಗುವ ಮಾರ್ಗಗಳಿವೆ, ‘ಅತಿ ಕಡಿಮೆ ದರದ್ದನ್ನೇ ಆರಿಸಬೇಕು’ ಎಂಬ ಹಳೆಯ ನಿಯಮ ಹಾಗೇ ಇದ್ದರೆ ಬಿಲ್ ವಾಪಸ್ ಬರುತ್ತದೆ. ಹೊಸ ನಿಯಮದ ಮೊದಲ ಸಾಲಿನಲ್ಲೇ ಹಳೆಯದಕ್ಕೆ ವಿನಾಯಿತಿ ಬರೆದಿಡಿ.

ವಿಮಾನವೇ ಬೇಕಾದರೆ ನೇರ ಹಾರಾಟ ತೆಗೆದುಕೊಳ್ಳಿ. ನಡುವೆ ಇಳಿದು ಹತ್ತಿದರೆ ಇನ್ನೊಂದು ಮೇಲೇರಾಟ, ಜೊತೆಗೆ ಸುತ್ತು ದಾರಿ. ಎಕಾನಮಿಯಲ್ಲಿ ಕೂರಿ. ರಾತ್ರಿಯ ಹಾರಾಟದ ಬಿಳಿ ಗೆರೆಗಳು ಸೂರ್ಯನ ಬೆಳಕನ್ನು ಹಿಂದಕ್ಕೆ ಕಳಿಸುವ ಕೆಲಸ ಮಾಡಲಾರವು, ಶಾಖವನ್ನು ಮಾತ್ರ ಹಿಡಿದಿಡುತ್ತವೆ. ಹಾಗಾಗಿ ಹೊತ್ತಿನ ಆಯ್ಕೆ ಇದ್ದರೆ ಹಗಲು ಮೇಲು. ಆದರೆ ಇವೆಲ್ಲಕ್ಕಿಂತ ದೊಡ್ಡ ಉಳಿತಾಯ ಒಂದಿದೆ: ವರ್ಷಕ್ಕೆ ನಾಲ್ಕು ಸಲ ಎರಡೆರಡು ದಿನ ಹೋಗುವ ಬದಲು ಒಂದು ಸಲ ಹತ್ತು ದಿನ ಹೋಗುವುದು. ಹಾರಾಟ ಕಾಲು ಭಾಗಕ್ಕೆ ಇಳಿಯುತ್ತದೆ, ಅಲ್ಲಿ ಕಳೆಯುವ ದಿನಗಳು ಹೆಚ್ಚಾಗುತ್ತವೆ. ಅಡ್ಡಿ ಎಂದರೆ ಮನೆಯ ಜವಾಬ್ದಾರಿ. ಚಿಕ್ಕ ಮಕ್ಕಳು, ವಯಸ್ಸಾದ ತಂದೆತಾಯಿ ಇರುವವರಿಗೆ ಹತ್ತು ದಿನ ಸುಲಭವಲ್ಲ, ಇದನ್ನು ಕಡ್ಡಾಯ ಮಾಡಿದರೆ ಅವಕಾಶವೆಲ್ಲ ಮನೆಯ ಹೊರೆ ಇಲ್ಲದವರ ಪಾಲಾಗುತ್ತದೆ. ಆಯ್ಕೆಯಾಗಿಯೇ ಉಳಿಸಿ.

ಸಮ್ಮೇಳನ

ಒಂದೇ ಸಲಕ್ಕೆ ಅತಿ ಹೆಚ್ಚು ಟನ್ ಸುರಿಯುವುದು ಸಮ್ಮೇಳನಗಳೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2019ರಲ್ಲಿ ನಡೆದ, ಭೂವಿಜ್ಞಾನಿಗಳ ಸಂಘವಾದ ಅಮೆರಿಕನ್ ಜಿಯೊಫಿಸಿಕಲ್ ಯೂನಿಯನ್ ಸಮ್ಮೇಳನಕ್ಕೆ 28,000 ಜನ ಓಡಾಡಿದ್ದರಿಂದ ಸುಮಾರು 80,000 ಟನ್ ಆಯಿತೆಂದು ಲೆಕ್ಕ ಹಾಕಲಾಗಿದೆ. ಭೂಮಿ ಬಿಸಿಯಾಗುವುದನ್ನು ಅಧ್ಯಯನ ಮಾಡುವವರೂ ಅದರಲ್ಲಿದ್ದರು, ಲೆಕ್ಕ ಹಾಕಿದವರೂ ಅದೇ ಕ್ಷೇತ್ರದವರು. ಅದೇ ಸಮ್ಮೇಳನವನ್ನು ಷಿಕಾಗೊದಂಥ ನಡುವಿನ ಊರಿಗೆ ಸರಿಸಿದರೆ ಶೇ 12ರಷ್ಟು ಮಾತ್ರ ಇಳಿಯುತ್ತದೆ ಎಂಬುದು ಅವರ ಲೆಕ್ಕದ ಕುತೂಹಲದ ಭಾಗ. ಊರು ಬದಲಿಸುವುದಕ್ಕಿಂತ ಖಂಡಕ್ಕೊಂದು ಕೇಂದ್ರ ಮಾಡಿ ಅವುಗಳನ್ನು ಕರೆಯಲ್ಲಿ ಜೋಡಿಸುವುದು ಎಷ್ಟೋ ಪರಿಣಾಮಕಾರಿ, ಏಕೆಂದರೆ ಖಂಡ ದಾಟಿ ಬರುವವರ ಹಾರಾಟವೇ ಒಟ್ಟು ಲೆಕ್ಕದ ಬಹುಭಾಗ.

ಪೂರ್ತಿ ದೂರದಿಂದಲೇ ನಡೆಸಿದ್ದಕ್ಕೂ ಅಳತೆ ಸಿಕ್ಕಿದೆ. ಯುರೋಪಿನ ಖಗೋಳಶಾಸ್ತ್ರಜ್ಞರ 2019ರ ಲಿಯಾನ್ ಸಮ್ಮೇಳನದ ಪ್ರಯಾಣಕ್ಕೆ 1,855 ಟನ್. ಮರುವರ್ಷ ಕೋವಿಡ್‌ನಿಂದಾಗಿ ಅಂತರ್ಜಾಲದಲ್ಲೇ ನಡೆದಾಗ ಹೆಚ್ಚು ಜನ ಸೇರಿಯೂ ಒಂದು ಟನ್ ಆಗಲಿಲ್ಲ. ಆದರೆ ಮೊಗಸಾಲೆಯಲ್ಲಿ ಅಚಾನಕ್ಕಾಗಿ ಸಿಗುವ ಪರಿಚಯ ಅಲ್ಲಿಲ್ಲ. ನಮಗೆ ಸರಿ ಕಾಣುವುದು ಒಂದು ವರ್ಷ ಅಂತರ್ಜಾಲದಲ್ಲಿ, ಮರುವರ್ಷ ಕೇಂದ್ರಗಳಲ್ಲಿ. ಬರೀ ಕೇಳಿಸಿಕೊಳ್ಳಲು ಹೋಗುವವರು ಆಮೇಲೆ ವಿಡಿಯೊ ಮುದ್ರಿಕೆ ನೋಡಲಿ.

ಸರಿದೂಗಿಸುವುದು, ಹಸಿರು ಇಂಧನ

ಇವನ್ನು ಪ್ರಯಾಣದ ಬದಲಿಗಳೆಂದು ಎಣಿಸಬೇಡಿ. ಬಳಸಿದ ಅಡುಗೆ ಎಣ್ಣೆ, ತ್ಯಾಜ್ಯದಂಥವುಗಳಿಂದ ಮಾಡುವ ಸುಸ್ಥಿರ ವಿಮಾನ ಇಂಧನ 2024ರಲ್ಲಿ ಜಗತ್ತಿನ ಒಟ್ಟು ವಿಮಾನ ಇಂಧನದ ಶೇ 0.3ರಷ್ಟಿತ್ತು. ಯುರೋಪಿಯನ್ ಒಕ್ಕೂಟದ ಕಡ್ಡಾಯ ಪಾಲು 2025ಕ್ಕೆ ಶೇ 2, 2030ಕ್ಕೆ ಶೇ 6. ಹಾರಾಟದ ಹೊಗೆಯನ್ನು ಬೇರೆಡೆ ಮರ ನೆಟ್ಟು ಸರಿದೂಗಿಸುತ್ತೇವೆಂದು ಹಣಕ್ಕೆ ಮಾರುವ ಪತ್ರಗಳ ತೊಂದರೆ ಇನ್ನೊಂದು ಬಗೆಯದ್ದು: ಹೊಗೆ ಇಂದೇ ಗಾಳಿ ಸೇರುತ್ತದೆ, ಮರ ಹೀರಲು ದಶಕಗಳು ಬೇಕು, ನಡುವೆ ಕಾಡಿಗೆ ಬೆಂಕಿ ಬಿದ್ದರೆ ಎಲ್ಲ ವಾಪಸ್. ಪತ್ರ ಕೊಂಡಾಯಿತೆಂಬ ಸಮಾಧಾನದಲ್ಲಿ ಇನ್ನೊಂದು ಟಿಕೆಟ್ ತೆಗೆಯುವ ಅಪಾಯವೂ ಇದೆ.

ಕಚೇರಿಯಲ್ಲಿ ಜಾರಿಗೆ ತರುವುದು

ಕಳೆದ ಹನ್ನೆರಡು ತಿಂಗಳ ಪ್ರಯಾಣದ ಪಟ್ಟಿ ತೆಗೆಯಿರಿ. ಹಸಿರುಮನೆ ಅನಿಲ ಲೆಕ್ಕದ ಜಿಎಚ್‌ಜಿ ಪ್ರೊಟೊಕಾಲ್‌ನಲ್ಲಿ ಇದು ಸ್ಕೋಪ್ 3ರ, ಅಂದರೆ ಸಂಸ್ಥೆ ತಾನೇ ಉರಿಸುವ ಇಂಧನ ಮತ್ತು ಕೊಳ್ಳುವ ವಿದ್ಯುತ್ತು ಬಿಟ್ಟು ಉಳಿದ ಪರೋಕ್ಷ ಹೊರಸೂಸುವಿಕೆಯ, 6ನೇ ವರ್ಗ. ಮನೆಯಿಂದ ಕಚೇರಿಗೆ ದಿನಾ ಓಡಾಡುವುದು 7ನೇ ವರ್ಗ, ಎರಡನ್ನೂ ಬೆರೆಸಬೇಡಿ. ಊರಿನ ಪ್ರಕಾರವಲ್ಲ, ಉದ್ದೇಶದ ಪ್ರಕಾರ ವಿಂಗಡಿಸಿ: ಒಳಗಿನವರ ಸಭೆ, ಹೊಸ ಗ್ರಾಹಕ, ಹಳೆಯ ಗ್ರಾಹಕ, ಸ್ಥಳದಲ್ಲಿ ಕೈಕೆಲಸ, ಸಮ್ಮೇಳನ ಮತ್ತು ತರಬೇತಿ. ಅರ್ಜಿಯಲ್ಲಿ ಖಾಲಿ ಜಾಗ ಬಿಟ್ಟರೆ ಎಲ್ಲರೂ ‘ಸಭೆ’ ಎಂದೇ ಬರೆಯುತ್ತಾರೆ, ಆದ್ದರಿಂದ ಈ ಐದರಲ್ಲಿ ಒಂದನ್ನು ಗುರುತು ಮಾಡುವಂತಿರಲಿ. ಕತ್ತರಿ ಹಾಕಲು ಮೊದಲ ಜಾಗ ಒಳಗಿನವರ ಸಭೆಯೇ. ಅಲ್ಲಿ ಎರಡೂ ಕಡೆಯವರು ನಿಮ್ಮವರೇ ಆದ್ದರಿಂದ ಯಾವ ಗ್ರಾಹಕರ ಮನಸ್ಸೂ ನೋಯುವುದಿಲ್ಲ.

ವಿಭಾಗಕ್ಕೆ ಕೊಡುವ ಮಿತಿ ಹಣದಲ್ಲಲ್ಲ, ಕಿಲೋ ಇಂಗಾಲದಲ್ಲಿರಲಿ. ಹಣದ ಮಿತಿ ಜನರನ್ನು ಅಗ್ಗದ, ಎರಡು ಕಡೆ ಇಳಿದು ಹತ್ತುವ ವಿಮಾನಕ್ಕೆ ತಳ್ಳುತ್ತದೆ. ಇಂಗಾಲಕ್ಕೆ ಒಳಗಿಂದೊಳಗೇ ಬೆಲೆ ಕಟ್ಟುವ ಕಂಪನಿಗಳೂ ಇವೆ, ಮೈಕ್ರೊಸಾಫ್ಟ್ 2012ರಲ್ಲೇ ಶುರು ಮಾಡಿ ವಿಮಾನ ಪ್ರಯಾಣವನ್ನೂ ಅದರಲ್ಲಿ ಸೇರಿಸಿತು. ಒಪ್ಪಿಗೆ ಕೊಡುವವರು ಅದೇ ಪ್ರಯಾಣದಲ್ಲಿ ಜೊತೆಗೆ ಹೋಗುವವರಾಗಿರಬಾರದು, ಇದು ಸಣ್ಣ ವಿಷಯದಂತೆ ಕಂಡರೂ ನಿಯಮವನ್ನು ಉಳಿಸುವುದು ಅಥವಾ ಮುಳುಗಿಸುವುದು ಇದೇ. ಕಚೇರಿ ಖರ್ಚಿನ ಹಾರಾಟಕ್ಕೆ ವಿಮಾನ ಕಂಪನಿಗಳು ಕೊಡುವ ಬಹುಮಾನದ ಅಂಕಗಳು ಸ್ವಂತ ಖಾತೆಗೆ ಹೋಗುವವರೆಗೂ ಕೆಲವರಿಗೆ ಪ್ರಯಾಣ ಬೇಡವೆನಿಸುವುದಿಲ್ಲ.

ಉಳಿದದ್ದು ಎಲ್ಲಿಗೆ ಹೋಯಿತು ಎಂಬುದನ್ನೂ ನೋಡಿ. ಪ್ರಯಾಣದಲ್ಲಿ ಉಳಿದ ಹಣದಲ್ಲಿ ಇಡೀ ತಂಡವನ್ನು ದೂರದ ಕಡಲತೀರಕ್ಕೆ ಹಾರಿಸುವ ಕೂಟ ಮಾಡಿದರೆ ಲೆಕ್ಕ ಮೊದಲಿನ ಜಾಗಕ್ಕೇ ಬರುತ್ತದೆ. ಕಚೇರಿಯೇ ಇಲ್ಲದ, ಎಲ್ಲರೂ ಮನೆಯಿಂದ ದುಡಿಯುವ ಸಂಸ್ಥೆಗಳು ವರ್ಷಕ್ಕೆರಡು ಸಲ ಎಲ್ಲರನ್ನೂ ಒಂದೆಡೆ ಸೇರಿಸುವಾಗ ಇದನ್ನು ಗಮನಿಸುವುದಿಲ್ಲ.

ನಿರಾಕರಿಸಿದ ಪ್ರಯಾಣಗಳನ್ನೂ ಒಂದು ಪಟ್ಟಿಯಲ್ಲಿ ಬರೆದಿಡಿ. ಮೂರು ತಿಂಗಳಾದ ಮೇಲೆ ಅದನ್ನು ತೆರೆದು, ಕೇಳಿದವರನ್ನೇ ಕೂರಿಸಿಕೊಂಡು ಒಂದೊಂದನ್ನೂ ನೋಡಿ: ಕೆಲಸ ಕರೆಯಲ್ಲಿ ಮುಗಿಯಿತೆ, ತಡವಾಯಿತೆ, ಕೊನೆಗೆ ಹೋಗಲೇಬೇಕಾಯಿತೆ? ಹತ್ತರಲ್ಲಿ ಮೂರ್ನಾಲ್ಕಕ್ಕೆ ಆಮೇಲೆ ಹೋಗಬೇಕಾಗಿ ಬಂದಿದ್ದರೆ ಜರಡಿಯ ಕಣ್ಣು ತೀರಾ ಸಣ್ಣದಾಗಿದೆ, ಯಾವ ಉದ್ದೇಶದವು ಹಾಗೆ ವಾಪಸ್ ಬಂದವು ಎಂದು ನೋಡಿ ಆ ಸಾಲನ್ನಷ್ಟೇ ಸಡಿಲಿಸಿ. ಒಂದೂ ವಾಪಸ್ ಬಂದಿಲ್ಲವಾದರೆ ಇನ್ನೂ ಬಿಗಿ ಮಾಡಲು ಜಾಗವಿದೆ.